ಕೇಶತೈಲ, ಗಾಣ ಮತ್ತು ಅಹಿಂಸೆ

ಜೈನ ಪರಂಪರೆಯಲ್ಲಿ ತಲೆಗೂದಲನ್ನು ಕುರಿತು ಎರಡು ಬಗೆಯ ಆಚಾರಗಳುಂಟು. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಲೋಚ ಮಾಡುವುದು ಉತ್ತಮ, ಮೂರು ತಿಂಗಳಿಗೊಮ್ಮೆ ಮಧ್ಯಮ, ನಾಲ್ಕು ತಿಂಗಳಿಗೊಮ್ಮೆ ಜಘನ್ಯ. ಕತ್ತಿ ಕತ್ತರಿಗಳ ಪರಿಗ್ರಹ ಬೇಡ, ಪರರ ಹಂಗು ಬೇಡ, ಬೆಳೆದ ಕೂದಲಲ್ಲಿ ಹೇನು ಹುಟ್ಟಿ ಜೀವಹಿಂಸೆಗೆ ಕಾರಣವಾಗುವುದೂ ಬೇಡ ಎಂಬುದು ಇದರ ಆಶಯ. ಶ್ರಾವಕ ಶ್ರಾವಿಕೆಯರಿಗೆ ಈ ಕಠಿಣ ನಿಯಮವಿಲ್ಲ. ಅವರು ಕೂದಲಿಗೆ ಎಣ್ಣೆ ಹಚ್ಚುತ್ತಾರೆ, ಬಾಚುತ್ತಾರೆ, ತೊಳೆಯುತ್ತಾರೆ. ಆದರೆ ಹಿಂಸೆಯ ಪ್ರಶ್ನೆ ಅವರನ್ನೂ ಬಿಡುವುದಿಲ್ಲ. ತಲೆಗೆ ಹಚ್ಚುವ ಎಣ್ಣೆ ಯಾವುದರಿಂದ ಬಂದಿತು, ಹೇಗೆ ಬಂದಿತು ಎಂಬಲ್ಲಿ ಅದು ಮತ್ತೆ ಎದುರಾಗುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ತಾಲ್ಲೂಕುಗಳು ಭೀಮೆಯ ಕಡೆಗೂ ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳು ಕೃಷ್ಣೆಯ ಕಡೆಗೂ ಹರಡಿವೆ. ಈ ಎರೆಭೂಮಿಯಲ್ಲಿ ಹಿಂಗಾರಿ ಜೋಳದೊಡನೆ ಕುಸುಬೆ ಹಳೆಯ ಬೆಳೆ. ಮುಳ್ಳುಳ್ಳ ಕುಸುಬೆಯನ್ನು ಜೋಳದ ಹೊಲದ ಅಂಚಿಗೆ ಬಿತ್ತಿದರೆ ದನಗಳು ಒಳನುಗ್ಗುವುದಿಲ್ಲ. ಅಡಿಗೆಗೆ ಕುಸುಬೆ ಎಣ್ಣೆ, ತಲೆಗೆ ಎಳ್ಳೆಣ್ಣೆ ಇಲ್ಲವೆ ಔಡಲೆಣ್ಣೆ ಎಂಬುದು ರೂಢಿ. ಗರಗದ ಸೊಪ್ಪು, ನೆಲ್ಲಿಕಾಯಿ, ಮೆಂತ್ಯಗಳನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ ಸೋಸಿಡುವುದೂ ಉಂಟು. ತೊಳೆಯಲು ಸೀಗೇಕಾಯಿ, ಅಂಟವಾಳ. ಇದಕ್ಕೆ ಒಂದು ಕಾರಣವೂ ಇದೆ. ಸುಣ್ಣದ ಅಂಶ ಹೆಚ್ಚಾದ ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಕೂದಲಿಗೆ ಜಿಗುಟಾಗಿ ಅಂಟುತ್ತದೆ. ಸೀಗೆ, ಅಂಟವಾಳಗಳಲ್ಲಿರುವ ಸಪೋನಿನ್ ಅಂಥ ನೀರಿನಲ್ಲಿಯೂ ಜಿಡ್ಡನ್ನು ಬಿಡಿಸುತ್ತದೆ.

ಪ್ರಾಚೀನ ವೈದ್ಯಶಾಸ್ತ್ರವು ನಾಲ್ಕು ಸ್ನೇಹದ್ರವ್ಯಗಳನ್ನು ಹೇಳುತ್ತದೆ: ತುಪ್ಪ, ಎಣ್ಣೆ, ವಸೆ, ಮಜ್ಜೆ. ಕೊನೆಯ ಎರಡು ಪ್ರಾಣಿಗಳ ಕೊಬ್ಬು ಮತ್ತು ಮೂಳೆಯ ಸಾರ. ಜೈನ ಗೃಹಸ್ಥನಿಗೆ ಇವು ವರ್ಜ್ಯ. ಈ ವಿವೇಕಕ್ಕೆ ಶಾಸ್ತ್ರದ ಬಲ ತಂದವರಲ್ಲಿ ‘ಕಲ್ಯಾಣಕಾರಕ’ವನ್ನು ಸಂಸ್ಕೃತದಲ್ಲಿ ರಚಿಸಿದ ಉಗ್ರಾದಿತ್ಯಾಚಾರ್ಯರು ಮುಖ್ಯರು. ಮಾಂಸಭಕ್ಷಣ ನಿರರ್ಥಕವೆಂದು ಅವರು ನೃಪತುಂಗನ ಸಭೆಯಲ್ಲಿ ವಾದಿಸಿದರೆಂದು ಆ ಗ್ರಂಥವೇ ತಿಳಿಸುತ್ತದೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡವು ಭೀಮೆಯನ್ನು ಸೇರುವ ಕಾಗಿಣಾ ನದಿಯ ದಡದಲ್ಲಿದೆ. ಇಂಡಿಗೆ ಸಮೀಪದ ಸೊಲ್ಲಾಪುರದಿಂದಲೇ 1940ರಲ್ಲಿ ಈ ಗ್ರಂಥವು ಹಿಂದಿ ಅನುವಾದದೊಡನೆ ಪ್ರಕಟವಾಯಿತು.

ಆದರೆ ಸಸ್ಯಮೂಲವಾದ ಮಾತ್ರಕ್ಕೆ ಎಣ್ಣೆ ನಿರ್ದೋಷವಾಗುವುದೇ? ಶ್ರಾವಕಾಚಾರದ ಉತ್ತರ ಅಷ್ಟು ಸರಳವಾಗಿಲ್ಲ. ಹದಿನೈದು ಖರಕರ್ಮಗಳಲ್ಲಿ ಯಂತ್ರಪೀಡನ, ಅಂದರೆ ಗಾಣ ಆಡಿಸುವ ಜೀವನೋಪಾಯವೂ ಸೇರಿದೆ. ಹುಳು ಬಿದ್ದ ಕಾಳು ಗಾಣಕ್ಕೆ ಬಿದ್ದರೆ ಎಣ್ಣೆಯೊಡನೆ ಅಸಂಖ್ಯ ಜೀವಗಳೂ ಹಿಂಡಿಹೋಗುತ್ತವೆ. ಇತ್ತ ಕನ್ನಡ ನಾಡಿನ ಶಾಸನಗಳಲ್ಲಿ ತೆಲ್ಲಿಗರು ದೇವರ ನಂದಾದೀವಿಗೆಗೆ ಗಾಣದ ಎಣ್ಣೆಯನ್ನು ದಾನಬಿಟ್ಟ ಉಲ್ಲೇಖಗಳಿವೆ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ನೆಲಕ್ಕೆ, ಶರಣರಲ್ಲಿ ಗಾಣದ ಕಣ್ಣಪ್ಪನೆಂಬ ವಚನಕಾರರಿದ್ದರೆಂಬ ನೆನಪೂ ಹತ್ತಿರದ್ದು. ಗಾಣಿಗನ ಕಾಯಕ ಹೀನವೆಂದು ಇದರಿಂದ ಹೇಳುವಂತಿಲ್ಲ. ಅವನು ತೆಗೆದ ಎಣ್ಣೆಯನ್ನು ಎಲ್ಲರೂ ಹಚ್ಚಿಕೊಂಡರು. ಬಳಸಿದವನು ಕೈತೊಳೆದುಕೊಂಡು ದೋಷವನ್ನೆಲ್ಲ ದುಡಿದವನ ತಲೆಗೆ ಕಟ್ಟುವುದು ಧರ್ಮವಲ್ಲ.

ಇಲ್ಲಿ ತತ್ತ್ವಾರ್ಥಸೂತ್ರವು ದಾರಿ ತೋರುತ್ತದೆ. ಅಹಿಂಸಾಣುವ್ರತಕ್ಕೆ ಅದು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ. ಕಣ್ಣು ಕಟ್ಟಿಸಿಕೊಂಡು ಒಂದೇ ವರ್ತುಲದಲ್ಲಿ ಸುತ್ತುವ ಗಾಣದ ಎತ್ತಿನೆದುರು ಈ ಐದನ್ನೂ ಇಟ್ಟು ನೋಡಬಹುದು. ಎತ್ತಿಗೆ ಹೊಡೆತ ಬಿತ್ತೇ, ಹೊತ್ತಿಗೆ ಸರಿಯಾಗಿ ನೀರು ಮೇವು ಸಿಕ್ಕಿತೇ, ದಣಿದಾಗ ನೊಗ ಇಳಿಸಿದರೇ ಎಂಬ ಪ್ರಶ್ನೆಗಳು ಎಣ್ಣೆ ಕೊಳ್ಳುವವನಿಗೂ ಸಲ್ಲುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ಗಿರಣಿಗಳು ಬಂದು ಎತ್ತಿನ ಶ್ರಮ ತಗ್ಗಿತು. ಆದರೆ ಪ್ರಶ್ನೆ ಅಳಿಯದೆ ಬೇರೆಡೆಗೆ ಸರಿಯಿತು. ಸೌಂದರ್ಯಸಾಧನಗಳನ್ನು ಮೊಲ, ಇಲಿಗಳ ಮೇಲೆ ಪ್ರಯೋಗಿಸುವ ಪದ್ಧತಿ ಬೆಳೆಯಿತು. ಭಾರತವು 2014ರಲ್ಲಿ ಆ ಪ್ರಯೋಗವನ್ನೂ ಹಾಗೆ ಪರೀಕ್ಷಿಸಿದ ಸಾಧನಗಳ ಆಮದನ್ನೂ ನಿಷೇಧಿಸಿತು. ಈಗ ‘ಎತ್ತಿನ ಗಾಣದ ಶುದ್ಧ ಎಣ್ಣೆ’ ಮತ್ತೆ ಮಾರುಕಟ್ಟೆಯಲ್ಲಿದೆ. ಅಲ್ಲಿ ಶುದ್ಧಿಯ ಮಾತು ಎಣ್ಣೆಗಷ್ಟೇ ಸೀಮಿತವಾಗಿರುತ್ತದೆ. ಎತ್ತಿನ ಸುದ್ದಿ ವಿರಳ.

ಸತ್ಯಾಣುವ್ರತಕ್ಕೂ ಇಲ್ಲಿ ಕೆಲಸವಿದೆ. ಎಣ್ಣೆಯು ಕೂದಲಿನ ಒರಟುತನವನ್ನು ತಗ್ಗಿಸುತ್ತದೆ, ಕೂದಲು ತುಂಡಾಗುವುದನ್ನು ಕಡಿಮೆ ಮಾಡುತ್ತದೆ. ಬೇರು ಸತ್ತ ಕಡೆ ಕೂದಲು ಚಿಗುರಿಸುವ ಶಕ್ತಿ ಯಾವ ಎಣ್ಣೆಗೂ ಇಲ್ಲ. ಇಲ್ಲದ ಗುಣವನ್ನು ಹೊಗಳಿ ಮಾರುವುದು ಮೂಲಿಕೆಯ ಹೆಸರಿನಲ್ಲಿ ನಡೆದರೂ ಅಸತ್ಯವೇ. ತಲೆಯನ್ನು ಶುಚಿಯಾಗಿಟ್ಟುಕೊಳ್ಳುವುದು ಕಷ್ಟವಲ್ಲ. ಅದಕ್ಕೆ ಬೇಕಾದುದು ಸ್ವಲ್ಪ ಎಣ್ಣೆ, ಒಂದು ಹಿಡಿ ಸೀಗೆಪುಡಿ, ನಿತ್ಯದ ಬಾಚಣಿಕೆ. ಮುನಿಯು ಕೂದಲನ್ನೇ ತ್ಯಜಿಸಿ ತೋರಿದ ಸಂಯಮವನ್ನು ಗೃಹಸ್ಥನು ಎಣ್ಣೆಯ ಅಳತೆಯಲ್ಲಿ, ಕೊಳ್ಳುವ ವಿವೇಕದಲ್ಲಿ ತೋರಬೇಕಾಗಿದೆ.