ಅರಾಮಿಕ್ ಲಿಪಿಪರಂಪರೆ ಮತ್ತು ಕರ್ನಾಟಕದ ಶಾಸನಗಳು

ಅರಾಮಿಕ್ ಪ್ರಾಚೀನ ಸಿರಿಯಾದ ಅರಾಮ್ ಪ್ರದೇಶದ ಸೆಮಿಟಿಕ್ ಭಾಷೆ. ಪರ್ಷಿಯದ ಅಖಮೇನಿಯ ಅರಸರ ಆಡಳಿತಭಾಷೆಯಾಗಿ ಅದು ಸಿಂಧೂ ತೀರದವರೆಗೆ ಹಬ್ಬಿತು. ಅಶೋಕನೂ ಕಂದಹಾರದಲ್ಲಿ ಗ್ರೀಕ್ ಜೊತೆಗೆ ಅರಾಮಿಕ್‌ನಲ್ಲಿ ಶಾಸನ ಬರೆಸಿದ. ಇದು ಪತ್ತೆಯಾದದ್ದು 1958ರಲ್ಲಿ. ಅರಾಮಿಕ್‌ನ 22 ಅಕ್ಷರಗಳ ಆಧಾರದ ಮೇಲೆ ವಾಯವ್ಯ ಭಾರತದಲ್ಲಿ ಖರೋಷ್ಠಿ ಲಿಪಿ ಬೆಳೆಯಿತು. ಬಲದಿಂದ ಎಡಕ್ಕೆ ಬರೆಯುವ ಪದ್ಧತಿ ಹಾಗೆಯೇ ಉಳಿಯಿತು. ವ್ಯಂಜನಕ್ಕೆ ಸ್ವರಚಿಹ್ನೆ ಸೇರಿಸುವ ಕ್ರಮ ಇಲ್ಲಿನದು.

ಖರೋಷ್ಠಿ ಲಿಪಿಯ ಸುಳಿವು ಕರ್ನಾಟಕದಲ್ಲಿ ಸಿಗುವುದು ಒಂದೇ ಪದದಲ್ಲಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ (ಅಧಿಕಾರಿಗಳಿಗೆ) ಕಳುಹಿಸಿದ ಈ ಆಜ್ಞೆಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ. ತನ್ನ ಹೆಸರನ್ನು ಬ್ರಾಹ್ಮಿಯಲ್ಲೇ ಬರೆದು, ‘ಲಿಪಿಕರೇಣ’ ಎಂಬ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಕೊರೆದ. ಅವನು ವಾಯವ್ಯದಿಂದ ಬಂದವನಿರಬೇಕು ಎಂಬುದು ಸಾಮಾನ್ಯ ಊಹೆ. ದಕ್ಷಿಣದ ಯಾವ ಓದುಗನಿಗೂ ಬೇಕಿರದ ಅಕ್ಷರಗಳವು. ತನಗೆ ಎರಡು ಲಿಪಿ ಗೊತ್ತೆಂದು ತೋರಿಸುವ ಬರಹಗಾರನ ಹೆಮ್ಮೆಯನ್ನೇ ಇಲ್ಲಿ ಕಾಣಬಹುದು.

ಖರೋಷ್ಠಿಗೆ ಅರಾಮಿಕ್ ಮೂಲವೆಂದು 1895ರಲ್ಲಿ ವಿವರವಾಗಿ ವಾದಿಸಿದವರು ಜರ್ಮನಿಯ ಗೇಯೋರ್ಗ್ ಬ್ಯೂಲರ್. ಆ ಮಾತು ಇಂದಿಗೂ ನಿಂತಿದೆ. ಬ್ರಾಹ್ಮಿಯೂ ಸೆಮಿಟಿಕ್ ಲಿಪಿಯಿಂದಲೇ ಬಂತೆಂಬ ಅವರ ಇನ್ನೊಂದು ವಾದ ಮಾತ್ರ ಇನ್ನೂ ವಿವಾದದಲ್ಲಿದೆ.

ಕನ್ನಡ ಲಿಪಿ ಬ್ರಾಹ್ಮಿಯ ಸಂತತಿ. ಖರೋಷ್ಠಿ ಸಂತಾನವಿಲ್ಲದೆ ಅಳಿಯಿತು. ಸುಮಾರು 450ರದೆಂದು ಹೇಳುವ, 1936ರಲ್ಲಿ ಎಂ. ಎಚ್. ಕೃಷ್ಣ ಗುರುತಿಸಿದ ಕನ್ನಡದ ಹಲ್ಮಿಡಿ ಶಾಸನ ಬೇಲೂರು ತಾಲೂಕಿನದು. ಬೇಲೂರು, ಹಳೇಬೀಡು, ಅರಸೀಕೆರೆಗಳ ಹೊಯ್ಸಳ ಶಾಸನಗಳು ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಐದನೆಯ ಸಂಪುಟದಲ್ಲಿ 1902ರಲ್ಲಿ ಅಚ್ಚಾದವು. ಚಪಡನ ಹಾಗೆ ಹೆಸರು ಕೊರೆದವರು ಇಲ್ಲೂ ಇದ್ದಾರೆ: ಬೇಲೂರಿನ ಚನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳಿವೆ. ಲಿಪಿ ಅಚ್ಚ ಕನ್ನಡ.