ಹ್ಯಾಟು ಹಾಕಿದ ಭಗತ್ ಸಿಂಗ್



ಚರ್ಚ್ ಹಾಲ್‌ನ ಅಟ್ಟ ಗುಡಿಸುವಾಗ ನಮಗೆ ಫ್ರೇಮ್ ಹಾಕಿದ ಒಂದು ಚಿತ್ರ ಸಿಕ್ಕಿತು. ಗಾಜು ಒಡೆದಿತ್ತು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಧೂಳು ಒರೆಸಿದಾಗ ಕಂಡದ್ದು ಭಗತ್ ಸಿಂಗ್. ಮುಖ ಮಾತ್ರ ನೀಲಿ! ಹಿಂದೆ ಎಲ್ಲೋ ಬಿಸಿಲು ಬೀಳುವ ಗೋಡೆಯಲ್ಲಿ ಇದ್ದಿರಬೇಕು. ಇಂಥ ಪ್ರಿಂಟ್‌ಗಳಲ್ಲಿ ಕೆಂಪು, ಹಳದಿ ಬೇಗ ಮಾಸುತ್ತವೆ, ನೀಲಿ ಉಳಿಯುತ್ತದೆ.

ಹಾಲ್‌ನಲ್ಲಿ ತೂಗುಹಾಕೋಣ ಎಂದೆವು. ಹಿರಿಯರೊಬ್ಬರು ತಡೆದರು. "ದೇವರೇ ಇಲ್ಲ ಅಂದವನ ಪಟ ಇಗರ್ಜಿಯ ಹಾಲ್‌ನಲ್ಲಿ ಯಾಕೆ ಮಕ್ಕಳೇ?" ನಮಗೆ ಉತ್ತರ ಹೊಳೆಯಲಿಲ್ಲ. ಹಾಗಾಗಿ ಓದಲು ಕುಳಿತೆವು.

ಭಗತ್ ಸಿಂಗರ ನಿಜವಾದ ಫೋಟೊಗಳೆಂದು ಇತಿಹಾಸಕಾರರು ಗುರುತಿಸಿರುವುದು ನಾಲ್ಕನ್ನು ಮಾತ್ರ. ಬಾಲಕನಾಗಿದ್ದಾಗಿನದು ಒಂದು. ಲಾಹೋರಿನ ನ್ಯಾಷನಲ್ ಕಾಲೇಜಿನ ನಾಟಕ ತಂಡದೊಂದಿಗೆ ಪೇಟ ಸುತ್ತಿಕೊಂಡು ನಿಂತದ್ದು ಇನ್ನೊಂದು. 1927ರಲ್ಲಿ ಪೊಲೀಸರ ವಶದಲ್ಲಿದ್ದಾಗ ಹಗ್ಗದ ಮಂಚದ ಮೇಲೆ ಕೂದಲು ಬಿಟ್ಟು ಕುಳಿತದ್ದು ಮೂರನೆಯದು. ನಾಲ್ಕನೆಯದೇ ಈ ಹ್ಯಾಟಿನ ಚಿತ್ರ. ಅದನ್ನು ತೆಗೆದದ್ದು 1929ರ ಏಪ್ರಿಲ್ ಮೊದಲ ವಾರ, ದೆಹಲಿಯ ಕಾಶ್ಮೀರಿ ಗೇಟ್ ಬಳಿಯ ಒಂದು ಸ್ಟುಡಿಯೋದಲ್ಲಿ. ಕೆಲವೇ ದಿನಗಳಲ್ಲಿ, ಏಪ್ರಿಲ್ 8ರಂದು, ಅವರೂ ಬಟುಕೇಶ್ವರ ದತ್ತರೂ ಕೇಂದ್ರ ಶಾಸನಸಭೆಯಲ್ಲಿ ಬಾಂಬ್ ಎಸೆದು ಅಲ್ಲೇ ನಿಂತು ಬಂಧನಕ್ಕೊಳಗಾದರು. ಅಂದರೆ ಇದು ಸುಮ್ಮನೆ ತೆಗೆಸಿಕೊಂಡ ಫೋಟೊ ಅಲ್ಲ. ಜೈಲಿನ ಬಾಗಿಲು ಮುಚ್ಚಿದ ಮೇಲೆ ತಮ್ಮ ಮುಖ ಜನರ ನಡುವೆ ಓಡಾಡಬೇಕೆಂದು ಲೆಕ್ಕ ಹಾಕಿಯೇ ತೆಗೆಸಿದ್ದು. ಆಗ ಅವರಿಗೆ ವಯಸ್ಸು 21. ನಮ್ಮ ಸಂಘಟನೆಯ ಅರ್ಧದಷ್ಟು ಮಂದಿ ಅದಕ್ಕಿಂತ ದೊಡ್ಡವರು.

ಹ್ಯಾಟಿಗೂ ಒಂದು ಕಥೆ ಇದೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಾಯಿತು. ಗುರಿ ಇದ್ದದ್ದು ಸ್ಕಾಟ್ ಎಂಬ ಇನ್ನೊಬ್ಬ ಅಧಿಕಾರಿ, ಸತ್ತದ್ದು ಸಾಂಡರ್ಸ್. ಬೆನ್ನಟ್ಟಿ ಬಂದ ಹೆಡ್ ಕಾನ್‌ಸ್ಟೇಬಲ್ ಚನನ್ ಸಿಂಗ್ ಕೂಡ ಗುಂಡಿಗೆ ಬಲಿಯಾದರು. ಆಮೇಲೆ ಸಾಹೇಬರ ವೇಷದಲ್ಲಿ, ದುರ್ಗಾದೇವಿಯವರನ್ನು ಹೆಂಡತಿಯೆಂದು ತೋರಿಸಿ, ಭಗತ್ ಸಿಂಗ್ ರೈಲಿನಲ್ಲಿ ಪಾರಾದರು. ಬ್ರಿಟಿಷರ ಟೊಪ್ಪಿಯೇ ಬ್ರಿಟಿಷರ ಕಣ್ಣಿಗೆ ಮಣ್ಣೆರಚಿತು.

ನಮ್ಮ ಚರ್ಚೆ ಬಿಸಿಯೇರಿದ್ದು ಇಲ್ಲೇ. 'ಕೊಲ್ಲಬೇಡ' ಎಂಬ ಕಟ್ಟಳೆ ಕಲಿತವರು ನಾವು. ಚನನ್ ಸಿಂಗರ ಪಟವನ್ನು ನಾವಂತೂ ಯಾವ ಗೋಡೆಯಲ್ಲೂ ಕಂಡಿಲ್ಲ. ನಮ್ಮ ಜಿಲ್ಲೆಯದೇ ಕಯ್ಯೂರಿನ ಕಥೆಯೂ ಹೀಗೆಯೇ. 1941ರ ಮಾರ್ಚ್ 28ರಂದು ಸುಬ್ಬರಾಯ ಎಂಬ ಪೊಲೀಸ್ ಪೇದೆ ಹೊಳೆಯಲ್ಲಿ ಮುಳುಗಿ ಸತ್ತರು. ಅದಕ್ಕಾಗಿ 1943ರ ಮಾರ್ಚ್ 29ರಂದು ನಾಲ್ವರು ರೈತ ಯುವಕರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನಿರಂಜನರ 'ಚಿರಸ್ಮರಣೆ' ಓದಿದವರಿಗೆ ಆ ನಾಲ್ವರು ಗೊತ್ತು. ಪೇದೆಯ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇನ್ನು ಹಿರಿಯರ ಪ್ರಶ್ನೆ. ಭಗತ್ ಸಿಂಗ್ ನಾಸ್ತಿಕರು, ಇದನ್ನು ಮುಚ್ಚಿಡುವಂತಿಲ್ಲ. 1930ರಲ್ಲಿ ಲಾಹೋರ್ ಜೈಲಿನಲ್ಲಿ 'ನಾನೇಕೆ ನಾಸ್ತಿಕ' ಬರೆದರು. ಅದು ಅಚ್ಚಾದದ್ದು 1931ರ ಸೆಪ್ಟೆಂಬರಿನಲ್ಲಿ, ಅವರು ಗಲ್ಲಿಗೇರಿ ಆರು ತಿಂಗಳ ಮೇಲೆ. ಸತ್ತ ಮೇಲೆ ಸ್ವರ್ಗ ಸಿಗುತ್ತದೆಂಬ ಆಸೆಯೂ ಇಲ್ಲದೆ ಸಾಯಲು ಸಿದ್ಧನಾಗಿದ್ದೇನೆ ಎಂಬುದು ಅದರ ಒಟ್ಟು ಧಾಟಿ. ನಾವು ಅದನ್ನು ಒಪ್ಪುವುದಿಲ್ಲ. ಆದರೆ ಓದುವಾಗ ನಮ್ಮ ಭಕ್ತಿ ಎಷ್ಟು ಸಲ ಬರೀ ವ್ಯಾಪಾರವಾಗಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾಯಿತು. ತಮಾಷೆಯೆಂದರೆ ಅಂಥವರನ್ನೇ ಕ್ಯಾಲೆಂಡರ್ ಚಿತ್ರಗಾರರು ಭಾರತಮಾತೆಗೆ ತಲೆ ಒಪ್ಪಿಸುವ ಭಕ್ತನನ್ನಾಗಿ ಬರೆದರು, ನಾವು ಹಾರ ಹಾಕಿದೆವು.

ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ ಬರೆದರು. ಇದನ್ನು ಹೇಳಿದಾಗ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಲ್ ಬೇಡ, ಓದುವ ಕೋಣೆಯಲ್ಲಿ ಹಾಕಿ" ಎಂದರು. ಹಾರ ಹಾಕಬಾರದು ಎಂಬ ಷರತ್ತು ನಮ್ಮದು. ಮಾರ್ಚ್ 23ಕ್ಕೆ ಮೊದಲು ಹೊಸ ಗಾಜು ಹಾಕಿಸಬೇಕು. ಗೆದ್ದಲು ತಿಂದ ಮೂಲೆ ಹಾಗೆಯೇ ಇರಲಿ. ಪಟದ ಕೆಳಗೆ ಒಂದು ಚೀಟಿ ಅಂಟಿಸುತ್ತೇವೆ: ಸಾಂಡರ್ಸ್, ಚನನ್ ಸಿಂಗ್, ಸುಬ್ಬರಾಯ.