ನಿವೃತ್ತ ವಿಮಾನ: ಬಿಡಿಭಾಗಕ್ಕೂ ಬೇಕು ಜಾತಕ

ಪ್ರಯಾಣಿಕ ವಿಮಾನವೊಂದು ಸೇವೆಯಿಂದ ನಿವೃತ್ತಿ ಹೊಂದಿದೊಡನೆ ಗುಜರಿಗೆ ಸೇರುವುದಿಲ್ಲ. ಅದರ ಎಂಜಿನ್, ಲ್ಯಾಂಡಿಂಗ್ ಗೇರ್, ಕಾಕ್‌ಪಿಟ್ ಉಪಕರಣಗಳನ್ನು ಜೋಪಾನವಾಗಿ ಕಳಚಿ, ಪರೀಕ್ಷಿಸಿ, ಹಾರಾಟದಲ್ಲಿರುವ ಇತರ ವಿಮಾನಗಳಿಗೆ ಅಳವಡಿಸಲಾಗುತ್ತದೆ. ಇದಕ್ಕೊಂದು ಕಡ್ಡಾಯ ಷರತ್ತಿದೆ: ಪ್ರತಿ ಬಿಡಿಭಾಗದ ಪೂರ್ವಾಪರಕ್ಕೂ ದಾಖಲೆ ಇರಬೇಕು.

ತಾರ್ಬ್ ಎಂಬ ತಾಣ

ದಕ್ಷಿಣ ಫ್ರಾನ್ಸಿನ ತಾರ್ಬ್ ವಿಮಾನ ನಿಲ್ದಾಣ ಈ ಕಾರ್ಯಕ್ಕೆ ಹೆಸರಾಗಿದೆ. ಏರ್‌ಬಸ್ ಸಂಸ್ಥೆ 2005ರಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ‘ಪಮೇಲಾ’ ಯೋಜನೆ ಆರಂಭಿಸಿ, ಇಲ್ಲಿ ಎ300 ವಿಮಾನವೊಂದನ್ನು ಕಳಚಿತು. ವಿಮಾನದ ತೂಕದ ಶೇ. 85ರಷ್ಟು ಮರುಬಳಕೆಗೆ ಅಥವಾ ಮರುಸಂಸ್ಕರಣೆಗೆ ಒದಗಬಲ್ಲದು ಎಂಬುದು ಇದರಿಂದ ಸಾಬೀತಾಯಿತು. 2007ರ ಅಕ್ಟೋಬರ್ 25ರಂದು ಸಿಂಗಪುರದಿಂದ ಸಿಡ್ನಿಗೆ ಹಾರಿ ಎ380 ಮಾದರಿಯ ವಾಣಿಜ್ಯ ಸೇವೆಗೆ ನಾಂದಿ ಹಾಡಿದ ವಿಮಾನವೂ ಹತ್ತು ವರ್ಷಗಳ ಬಳಿಕ ತಾರ್ಬ್ ಸೇರಿತು. ಅದನ್ನು ಗುತ್ತಿಗೆಗೆ ಪಡೆಯುವವರು ಸಿಗದ ಕಾರಣ ಬಿಡಿಭಾಗಗಳಾಗಿ ಮಾರಲಾಯಿತು.

ಕಳಚುವ ಕ್ರಮ

ಮೊದಲು ಇಂಧನ ಮತ್ತು ಹೈಡ್ರಾಲಿಕ್ ತೈಲವನ್ನು ಬಸಿಯಲಾಗುತ್ತದೆ. ಕಳಚಿದ ಪ್ರತಿ ಭಾಗಕ್ಕೂ ಅದರ ಕ್ರಮಸಂಖ್ಯೆ, ಯಾವ ವಿಮಾನದ್ದು, ಯಾವ ಸ್ಥಿತಿಯಲ್ಲಿದೆ ಎಂಬ ವಿವರಗಳ ಚೀಟಿ ಕಟ್ಟಲಾಗುತ್ತದೆ. ಮಾನ್ಯತೆ ಪಡೆದ ಕಾರ್ಯಾಗಾರ ಅದನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡಬೇಕು. ಭಾರತದಲ್ಲಿ ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸಿಎ ಫಾರ್ಮ್ 1, ಯುರೋಪಿನಲ್ಲಿ ಈಸಾ ಫಾರ್ಮ್ 1.

ಎಲ್ಲಕ್ಕಿಂತ ಬೆಲೆಬಾಳುವುದು ಎಂಜಿನ್. ಅದರೊಳಗೆ ತಿರುಗುವ ಟರ್ಬೈನ್ ಡಿಸ್ಕ್‌ನಂತಹ ಭಾಗಗಳ ಆಯುಷ್ಯವನ್ನು ಹಾರಾಟಗಳ ಸಂಖ್ಯೆಯಲ್ಲಿ ಅಳೆಯುತ್ತಾರೆ. ಉದಾಹರಣೆಗೆ, 20,000 ಹಾರಾಟಗಳ ಮಿತಿಯುಳ್ಳ ಡಿಸ್ಕ್ 12,000 ಪೂರೈಸಿದ್ದರೆ, ಖರೀದಿದಾರ ಉಳಿದ 8,000ಕ್ಕೆ ಬೆಲೆ ತೆರುತ್ತಾನೆ. ಆದ್ದರಿಂದ ಕಾರ್ಖಾನೆಯಿಂದ ಹೊರಬಂದ ದಿನದಿಂದಲೂ ಅದರ ಲೆಕ್ಕ ಇರಬೇಕು. ನಡುವಿನ ಕೆಲವು ತಿಂಗಳ ದಾಖಲೆ ಕಳೆದುಹೋದರೂ ಲಕ್ಷಾಂತರ ರೂಪಾಯಿಯ ಡಿಸ್ಕ್ ಲೋಹದ ತುಂಡಾಗಿಬಿಡುತ್ತದೆ.

ನಕಲಿಯ ಅಪಾಯ

ಈ ಕಟ್ಟುನಿಟ್ಟಿಗೆ ಕಾರಣವಿದೆ. 1989ರ ಸೆಪ್ಟೆಂಬರ್ 8ರಂದು ನಾರ್ವೆಯಿಂದ ಜರ್ಮನಿಯ ಹ್ಯಾಂಬರ್ಗ್‌ಗೆ ಹೊರಟಿದ್ದ ಕಾನ್ವೇರ್ 580 ವಿಮಾನ ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 55 ಮಂದಿಯೂ ಮೃತಪಟ್ಟರು. ಬಾಲದ ಲಂಬ ರೆಕ್ಕೆಯನ್ನು ಹಿಡಿದಿಟ್ಟಿದ್ದ ಬೋಲ್ಟ್‌ಗಳು ನಿಗದಿತ ಗುಣಮಟ್ಟದವಲ್ಲ ಎಂಬುದು ತನಿಖೆಯಲ್ಲಿ ಕಂಡುಬಂತು. 2023ರಲ್ಲಿ, ವಿಶ್ವದಾದ್ಯಂತ ಬಳಕೆಯಲ್ಲಿರುವ ಸಿಎಫ್ಎಂ56 ಎಂಜಿನ್‌ಗಳಿಗೆ ಬ್ರಿಟನ್ನಿನ ಸಂಸ್ಥೆಯೊಂದು ಸುಳ್ಳು ಪ್ರಮಾಣಪತ್ರಗಳೊಡನೆ ಬಿಡಿಭಾಗ ಪೂರೈಸಿದ್ದು ಬಯಲಾಯಿತು. ಹಲವು ವಿಮಾನಯಾನ ಸಂಸ್ಥೆಗಳು ವಿಮಾನಗಳನ್ನು ನೆಲಕ್ಕಿಳಿಸಿ ಆ ಭಾಗಗಳನ್ನು ಬದಲಿಸಬೇಕಾಯಿತು.

ಆದ್ದರಿಂದಲೇ ಆಯುಷ್ಯ ಮುಗಿದ, ದುರಸ್ತಿಗೆ ಒಗ್ಗದ ಭಾಗಗಳನ್ನು ಹಾಗೆಯೇ ಗುಜರಿಗೆ ಕೊಡುವಂತಿಲ್ಲ. ಯಾರೂ ಅವಕ್ಕೆ ಬಣ್ಣ ಬಳಿದು ಮತ್ತೆ ಮಾರದಂತೆ ಕತ್ತರಿಸಿ ಅಥವಾ ಜಜ್ಜಿ ವಿರೂಪಗೊಳಿಸಿದ ಮೇಲಷ್ಟೇ ಹೊರಹಾಕಲಾಗುತ್ತದೆ.